ಅಕ್ಕನಿಗೆ ಒಯ್ದ ತಂಗಡಿ ಹೂವು

ಬಳ್ಳಾರಿಯ ಕಾಲೇಜೊಂದರಲ್ಲಿ ನಾನು ಸಸ್ಯಶಾಸ್ತ್ರ ಕಲಿಸುತ್ತೇನೆ. ಸಿರಿಗೇರಿಯಲ್ಲಿರುವ ನನ್ನ ಅಕ್ಕ ಮೂರನೇ ತರಗತಿಗೇ ಶಾಲೆ ಬಿಟ್ಟವಳು. ನನ್ನ ಬಾಯಿಂದ ಬಂದದ್ದೆಲ್ಲ ಅವಳಿಗೆ ನಿಜ.

ಅಕ್ಕನಿಗೆ ಸಕ್ಕರೆ ಕಾಯಿಲೆ. ಹೋದ ವರ್ಷ ಅವಳ ಮನೆಯಲ್ಲಿ ಉಣ್ಣುತ್ತಾ ಕೂತಾಗ ತಂಗಡಿಯ ಮಾತು ಬಂತು. ಆ ಹಳದಿ ಹೂವಿನ ಗಿಡ ಹೊರಗಿನಿಂದ ಬಂದದ್ದಲ್ಲ, ನಮ್ಮ ಒಣನೆಲದಿಂದ ಹಿಡಿದು ಶ್ರೀಲಂಕಾದವರೆಗೆ ಅದರದೇ ಸೀಮೆ, ಒಮ್ಮೆ ಬೇರು ಬಿಟ್ಟರೆ ವರ್ಷ ವರ್ಷವೂ ಹೂ ಬಿಡುತ್ತದೆ ಎಂದು ಪಾಠದ ಹುರುಪಿನಲ್ಲೇ ಹೇಳಿದೆ. "ಹೂವಿನ ಕಷಾಯ ಶುಗರ್‌ಗೆ ಚಲೋ ಅಂತಾರಬೇ" ಎಂದೂ ಸೇರಿಸಿದೆ.

ಸಿರಿಗೇರಿಯ ಸುತ್ತ ಕಾಲುವೆ ನೀರಿನ ಭತ್ತದ ಗದ್ದೆಗಳು. ತಂಗಡಿ ಸಿಗುವುದು ಕಷ್ಟ. ಹಾಗಾಗಿ ಅವಳಲ್ಲಿಗೆ ಹೋಗುವಾಗಲೆಲ್ಲ ಕುರುಗೋಡು ಗುಡ್ಡದ ಬುಡದಲ್ಲಿ ಬೈಕ್ ನಿಲ್ಲಿಸಿ ಒಂದು ಚೀಲ ಹೂ ಕಿತ್ತು ಒಯ್ಯುತ್ತಿದ್ದೆ. ಡಾಕ್ಟರು ಬರೆದುಕೊಟ್ಟ ಶುಗರ್ ಗುಳಿಗೆ ನುಂಗುತ್ತಿದ್ದಾಳೋ ಇಲ್ಲವೋ ಎಂದು ಒಮ್ಮೆಯೂ ಕೇಳಲಿಲ್ಲ.

ಈ ಬೇಸಿಗೆಯಲ್ಲಿ ಹೋದಾಗ ಬಾಗಿಲಲ್ಲೇ ಕೆಟ್ಟ ವಾಸನೆ ಬಡಿಯಿತು. ಅಕ್ಕ ಪಾದಕ್ಕೆ ಹಳೇ ಸೀರೆಯ ತುಂಡು ಸುತ್ತಿಕೊಂಡು ಕೂತಿದ್ದಳು. ಬಿಚ್ಚಿ ನೋಡಿದೆ. ಬೆರಳುಗಳು ಕಪ್ಪಾಗಿದ್ದವು.

"ಗುಳಿಗಿ ತಗೊಳ್ಳಾಕತ್ತೀಯೋ ಇಲ್ಲೋ?"

"ಅದನ್ನ ಬಿಟ್ಟು ಭಾಳ ದಿನ ಆತು. ನೀ ಹೂವು ತಂದು ಕೊಡಾಕತ್ತಿದ್ದೆಲ್ಲೋ ತಮ್ಮಾ."

ಪಕ್ಕದ ಮನೆಯವರ ಕಾರಿನಲ್ಲಿ ಮಲಗಿಸಿಕೊಂಡು ಬಳ್ಳಾರಿಗೆ ಹೊರಟೆ. ಜ್ವರದಲ್ಲಿ ಅವಳ ಮೈ ಕಾದಿತ್ತು. ಬಾದನಹಟ್ಟಿ ದಾಟುವಾಗ ಮಾತು ನಿಂತಿತು. "ಅಕ್ಕಾ, ಅಕ್ಕಾ" ಎಂದು ಕೆನ್ನೆ ತಟ್ಟುತ್ತಲೇ ಇದ್ದೆ. ಉಸಿರಿದೆಯೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ.

ಆಸ್ಪತ್ರೆಯ ಡಾಕ್ಟರು ಕಾಲು ನೋಡಿ ನನ್ನ ಕಡೆ ತಿರುಗಿದರು. "ಓದಿದೋರು ಕಾಣ್ತೀರಿ. ಇಷ್ಟು ದಿನ ಏನ್ ಮಾಡಾಕತ್ತಿದ್ರಿ? ಕಾಲು ತೆಗೀದಿದ್ರ ಜೀವ ಉಳಿಯಂಗಿಲ್ಲ."

ಕಾಗದಕ್ಕೆ ಸಹಿ ಹಾಕುವಾಗ ನನ್ನ ಹೆಸರನ್ನೇ ತಪ್ಪು ಬರೆದೆ. ಎರಡನೇ ಸಲ ಬರೆಸಿದರು.

ಮೊಣಕಾಲಿನ ಕೆಳಗೆ ಕತ್ತರಿಸಿದರು. ಅಕ್ಕ ಉಳಿದಳು. ಮರುದಿನ ಅವಳಿಗೆ ಎಚ್ಚರ ಬಂದಾಗ, ಸಿರುಗುಪ್ಪದ ಅಕ್ಕಿ ಗಿರಣಿಯಲ್ಲೇ ಉಳಿದು ದುಡಿಯುವ ಭಾವ ಮಂಚದ ಪಕ್ಕದಲ್ಲೇ ನಿಂತಿದ್ದರು.

"ಗುಳಿಗಿ ಬಿಡಂತ ನಿನಗ ಯಾರು ಹೇಳಿದ್ರು?" ಎಂದು ಅಳುತ್ತಾ ಕೇಳಿದರು.

"ಯಾರೂ ಹೇಳಿಲ್ರಿ. ನಾನ ಬಿಟ್ಟೆ" ಎಂದಳು, ನನ್ನ ಕಡೆ ನೋಡದೆ.

ಬಾಯಿ ಬಿಡಬೇಕಾದವನು ನಾನು. ಹಣ್ಣು ತರುತ್ತೇನೆಂದು ಹೇಳಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಭಾವನಿಗೆ ಇವತ್ತಿಗೂ ಹೇಳಿಲ್ಲ.