ಬೇವಿನ ಮರದ ಬಲಗಾಲು

ಕಳೆದ ಭಾನುವಾರ ಊಟ ಮುಗಿಸಿ, ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು, ಓದುತ್ತಿರುವವನ ಹಾಗೆ ನಿದ್ದೆ ಮಾಡುತ್ತಿದ್ದೆ. ಮೊಮ್ಮಗಳು ಪೇಪರು ಕಿತ್ತುಕೊಂಡು ಅಚ್ಚು ಮಾಡಿದ ಹಾಳೆಯೊಂದನ್ನು ಮುಂದೆ ಹಿಡಿದಳು. ಅವಳದು ಮೆಡಿಕಲ್ ಮೊದಲ ವರ್ಷ. ವಿದ್ಯಾರ್ಥಿಗಳು ಓದುವ ರೀತಿಗೂ ಅವರು ತೆಗೆಯುವ ಅಂಕಗಳಿಗೂ ಏನು ನಂಟು ಎಂದು ಕಂಡುಹಿಡಿಯಲು ಅವರ ಕಾಲೇಜಿನಲ್ಲಿ ಪ್ರಶ್ನೆಗಳ ಪಟ್ಟಿ ಹಂಚಿದ್ದಾರಂತೆ. ಪ್ರತಿಯೊಬ್ಬರೂ ತಮ್ಮದೊಂದು ತುಂಬಬೇಕು, ಹಳೆಯ ಕಾಲದ ಡಾಕ್ಟರೊಬ್ಬರಿಂದ ಇನ್ನೊಂದು ತುಂಬಿಸಿಕೊಂಡು ಬರಬೇಕು. ಹಳೆಯ ಕಾಲದ ಡಾಕ್ಟರು ಮನೆಯ ಆರಾಮ ಕುರ್ಚಿಯಲ್ಲೇ ಬಿದ್ದುಕೊಂಡಿರುವಾಗ ಮಧುಗಿರಿ ಪೇಟೆಯೆಲ್ಲ ಯಾಕೆ ಸುತ್ತಬೇಕು?

"ದಿನಕ್ಕೆ ಎಷ್ಟು ಗಂಟೆ ಓದ್ತಿದ್ದೆ ತಾತ?"

"ಹದಿನಾಲ್ಕು."

"ಒಬ್ಬನೇ ಓದ್ತಿದ್ಯಾ, ಗುಂಪಿನಲ್ಲಾ?"

ಸ್ವಲ್ಪ ಯೋಚಿಸಿದೆ. ನನ್ನ ಗುಂಪಿನಲ್ಲಿ ದೊಡ್ಡಪ್ಪ ಮತ್ತು ಎಂಬತ್ತು ಕುರಿ ಇದ್ದವು. "ಗುಂಪು ಅಂತ ಹಾಕು" ಎಂದೆ.

"ಯಾವುದಾದ್ರೂ ಪರೀಕ್ಷೇಲಿ ಫೇಲ್ ಆಗಿದ್ದೀರಾ ಅಂತ ಇದೆ. ನಿಂದು ಗೊತ್ತಲ್ಲ, ಇಲ್ಲ ಅಂತ ಹಾಕ್ತೀನಿ."

"ತಡಿ. ಪೆನ್ನು ಕೆಳಗಿಡು" ಎಂದೆ.

ನೀವೇ ಹೇಳಿ, ನಾನೇನು ಮಾಡಬೇಕಿತ್ತು? ಇಷ್ಟು ವರ್ಷ ಈ ಮನೆಯಲ್ಲಿ ಎಲ್ಲವನ್ನೂ ಮೊದಲನೇ ಸಲಕ್ಕೇ ಪಾಸು ಮಾಡಿದ ಮಹಾನುಭಾವನಾಗಿ ಬಾಳಿದ್ದೇನೆ. ಮಗ ಪಿಯುಸಿಯಲ್ಲಿ ಗಣಿತಕ್ಕೆ ಎಡವಿದಾಗ ಇದೇ ಕುರ್ಚಿಯಲ್ಲಿ ಕೂತು ಒಂದು ಗಂಟೆ ಭಾಷಣ ಬಿಗಿದವನು ನಾನು. ಕಣ್ಣು ತಾನಾಗಿಯೇ ಗೋಡೆಯ ಗಾಜಿನ ಕಪಾಟಿನ ಕಡೆ ಹೋಯಿತು. ಅಲ್ಲೊಂದು ಬೇವಿನ ಮರದ ತುಂಡು ಇದೆ. ಬಂದವರೆಲ್ಲ ಅದನ್ನು ಒನಕೆಯ ಮುರುಕು ಎಂದುಕೊಳ್ಳುತ್ತಾರೆ. ಮನೆಯವರು ಅದು ದೊಡ್ಡಪ್ಪ ಪ್ರೀತಿಯಿಂದ ಕೊಟ್ಟ ಕಾಣಿಕೆ ಎಂದು ತಿಳಿದಿದ್ದಾರೆ. ಕಾಣಿಕೆ ಹೌದು, ಆದರೆ ಅದು ಮನುಷ್ಯನ ಬಲತೊಡೆಯ ಮೂಳೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಕೊಡಿಗೇನಹಳ್ಳಿಯಿಂದ ಎರಡು ಮೈಲಿ ಒಳಗಿರುವ ನಮ್ಮ ಹಟ್ಟಿಯಿಂದ ಮೆಡಿಕಲ್ ಓದಲು ಹೋದ ಮೊದಲಿಗ ನಾನು. ಹೊರಡುವ ದಿನವೇ ಅಪ್ಪ ತೀರ್ಮಾನ ಹೇಳಿದ್ದರು: "ಓದಂಗಿದ್ರೆ ಓದು. ಒಂದ್ಸಲ ಫೇಲಾದ್ರೂ ವಾಪಸ್ ಬಂದ್ಬುಡು. ಕುರಿ ಅವೆ, ಕೊಳಾಲದಾಗೆ ಹೆಣ್ಣೂ ಐತೆ." ಕುರಿಯ ಬಗ್ಗೆ ನನಗೆ ಹೆದರಿಕೆ ಇರಲಿಲ್ಲ. ಕೊಳಾಲದ ಹುಡುಗಿ ಚಿಕ್ಕಂದಿನಲ್ಲಿ ನನ್ನನ್ನು ಎರಡು ಸಲ ಹೊಡೆದಿದ್ದಳು.

ಹಾಗಾಗಿ ಜೀವ ಬಿಟ್ಟು ಓದಿದೆ. ಬೆಂಗಳೂರಿನ ಹಾಸ್ಟೆಲಿನಲ್ಲಿ ನನ್ನ ಓದು ಕಿರುಚಾಟದ ಓದು. ಪುಸ್ತಕ ಹಿಡಿದು ಹಿಂದಕ್ಕೂ ಮುಂದಕ್ಕೂ ನಡೆಯುತ್ತಾ, ಅನಾಟಮಿಯ ಪುಟಗಳನ್ನು ಮಗ್ಗಿಯ ರಾಗದಲ್ಲಿ ಒದರುತ್ತಿದ್ದೆ. ಹೆಣ ಕೊಯ್ಯುವ ಹಾಲಿನಲ್ಲಿ ಮಾತ್ರ, ವಾಸನೆಗೆ ತಲೆ ತಿರುಗುತ್ತದೆಂದು ಎಲ್ಲರಿಗಿಂತ ಹಿಂದೆ, ಕಿಟಕಿಯ ಪಕ್ಕ ನಿಲ್ಲುತ್ತಿದ್ದೆ. ರೂಮಿನ ಜೊತೆಗಾರ ಪಾವಗಡದ ನಾಗಭೂಷಣ ಇದಕ್ಕೆ ತದ್ವಿರುದ್ಧ. ಆ ಹಾಲಿನಲ್ಲಿ ಮೊಣಕೈವರೆಗೂ ಕೈ ಹಾಕಿ ತಡಕುತ್ತಿದ್ದ, ರೂಮಿಗೆ ಬಂದರೆ ಒಂದೆರಡು ಗಂಟೆ ಪುಸ್ತಕ ತಿರುವಿ ಗೊರಕೆ ಹೊಡೆಯುತ್ತಿದ್ದ. "ಏಮಪ್ಪಾ, ನೀನು ಓದೋ ಸದ್ದಿಗೆ ನಂಗೇ ಬಾಯಿಪಾಠ ಆಗೋಯ್ತೈತೆ. ಕೊಂಚೆಂ ಮೆಲ್ಲಗೆ" ಎನ್ನುತ್ತಿದ್ದ. ಇವನು ಫೇಲಾಗುವುದು ಖಂಡಿತ ಎಂದು ನಾನು ಮರುಗುತ್ತಿದ್ದೆ. ಅವನು ಫಸ್ಟ್ ಕ್ಲಾಸಿನಲ್ಲಿ ಪಾಸಾದ.

ನನ್ನ ಕಥೆ ಕೇಳಿ. ಆಗ ಸೀನಿಯರುಗಳಿಂದ ಕೈ ಬದಲಾಗಿ ಬರುವ ಮೂಳೆಗಳ ಪೆಟ್ಟಿಗೆ ನಮಗೆ ಆಧಾರ. ಅದನ್ನು ಅರ್ಧ ಸೆಟ್ಟು ಎನ್ನುತ್ತಿದ್ದರು. ಅರ್ಧ ಯಾಕೆಂದರೆ ಕೈಕಾಲಿನ ಮೂಳೆಗಳು ಅದರಲ್ಲಿ ಒಂದೇ ಕಡೆಯವು ಇರುತ್ತವೆ. ನನ್ನ ಪೆಟ್ಟಿಗೆಯವು ಅಷ್ಟೂ ಎಡಗಡೆಯವು. ವರ್ಷವಿಡೀ ಅವನ್ನೇ ಮುಂದಿಟ್ಟುಕೊಂಡು ಒದರಿದೆ.

ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರು ತೊಡೆಮೂಳೆಯೊಂದನ್ನು ಕೈಗೆ ಕೊಟ್ಟರು. ನಾನು ಉಸಿರು ತೆಗೆದುಕೊಳ್ಳದೆ ಎರಡೂವರೆ ಪುಟ ಒಪ್ಪಿಸಿದೆ. ಅವರು ತಲೆದೂಗುತ್ತಾ ಕೇಳಿಸಿಕೊಂಡು, "ಸಂತೋಷ. ಇದು ಯಾವ ಕಡೆಯದು?" ಎಂದರು.

"ಎಡಗಡೆಯದು ಸಾರ್."

ಇನ್ನೊಂದು ಕೊಟ್ಟರು. "ಇದು?"

"ಎಡಗಡೆಯದು ಸಾರ್."

ಎರಡನ್ನೂ ಮೇಜಿನ ಮೇಲೆ ಜೋಡಿಸಿಟ್ಟು, ಕನ್ನಡಕ ತೆಗೆದು ಒರೆಸಿಕೊಂಡರು. "ಇವೆರಡೂ ಒಬ್ಬನವೇ ಕಣ್ರೀ. ಪಾಪ, ಎರಡು ಎಡಗಾಲು ಹಾಕ್ಕೊಂಡು ಅವನು ಹೇಗೆ ನಡೀತಿದ್ದ?" ಎಂದರು.

ಮರುಪರೀಕ್ಷೆಗೆ ಆರು ತಿಂಗಳು. ಪೆಟ್ಟಿಗೆ ಹೊತ್ತುಕೊಂಡು ಊರಿನ ಬಸ್ಸು ಹತ್ತಿದೆ. ಕೊರಟಗೆರೆ ದಾಟುವಷ್ಟರಲ್ಲಿ ಸುಳ್ಳು ಸಿದ್ಧವಾಗಿತ್ತು. "ಪರೀಕ್ಷೆ ಮುಂದಕ್ಕೆ ಹೋಗೈತೆ, ಓದಿಕೊಳ್ಳೋಕೆ ಬಂದೆ" ಎಂದೆ. ಅಪ್ಪ ನಂಬಿದರು. ದೊಡ್ಡಪ್ಪ ನನ್ನ ಮುಖ ನೋಡಿ ಪೆಟ್ಟಿಗೆಗೆ ಕೈ ಕೊಟ್ಟ. ದೊಡ್ಡಮ್ಮ ಬಾಗಿಲಿಗೆ ಅಡ್ಡ ನಿಂತಳು. "ಯಾರ ಮನೆ ಹೆಣವೋ ಏನೋ. ನನ್ ಹೊಸ್ಲು ದಾಟಂಗಿಲ್ಲ ಕಣಪ್ಪ." ಹಾಗೆ ನನ್ನ ಅನಾಟಮಿ ಕುರಿಗಳ ರೊಪ್ಪಕ್ಕೆ ಹೋಯಿತು, ಅದರ ಹಿಂದೆ ನಾನೂ ಹೋದೆ. ಬೇಲಿ ಕಟ್ಟಿದ ಆ ಅಂಗಳದಲ್ಲಿ ನನ್ನ ಕಿರುಚಾಟಕ್ಕೆ ಕುರಿಗಳು ಮೊದಲೆರಡು ದಿನ ಬೆದರಿದವು, ಆಮೇಲೆ ಮಲಗಿ ಮೆಲುಕು ಹಾಕತೊಡಗಿದವು.

ಮೂರನೆಯ ದಿನ ದೊಡ್ಡಪ್ಪ ಪೆಟ್ಟಿಗೆಯಿಂದ ತೊಡೆಮೂಳೆ ತೆಗೆದು, ಕಣ್ಣು ಮುಚ್ಚಿಕೊಂಡು ಸವರಿದ. ಕುರಿ ಕೊಳ್ಳುವಾಗ ಬೆನ್ನು ಸವರಿ ನೋಡುತ್ತಾರಲ್ಲ, ಹಾಗೆ.

"ಇದು ಎಡಗಾಲ್ದು ಕಣ್ಲಾ."

"ನಿಂಗೆ ಹೆಂಗೆ ಗೊತ್ತಾಯ್ತು ದೊಡ್ಡಪ್ಪ?"

"ಕುರಿ ತೊಡೇನೂ ಇಂಗೇ ಅಲ್ವೇನ್ಲಾ? ಗುಂಡು ಒಳಕ್ಕೆ ನೋಡ್ತೈತೆ, ಮೂಳೆ ಮುಂದಕ್ಕೆ ಬಾಗೈತೆ. ಬಲಗಾಲ್ದು ಎಲ್ಲಿ?"

ಅರ್ಧ ಸೆಟ್ಟಿನ ವಿಚಾರ ಹೇಳಿದೆ. ಅವನು ಮೂಳೆಯನ್ನು ಪೆಟ್ಟಿಗೆಗೆ ಹಾಕಿ, "ಒಂದ್ ಕಾಲ್ ನೋಡ್ಕಂಡು ಡಾಕ್ಟ್ರಾಯ್ತೀಯೇನ್ಲಾ?" ಎಂದ.

ಮರುದಿನದಿಂದ ಕುರಿ ಮೇಯಿಸುವ ಬಯಲಿನಲ್ಲಿ ಕೂತು, ಎಡಮೂಳೆಯನ್ನು ಪಕ್ಕಕ್ಕಿಟ್ಟುಕೊಂಡು ಬೇವಿನ ಕೊರಡು ಕೆತ್ತತೊಡಗಿದ. ಅವನ ತಲೆಯಲ್ಲಿ ಎಡ ತಿರುಗಿ ಬಲವಾಗುತ್ತಿತ್ತು. ಪುಸ್ತಕವನ್ನು ಕಂಬಳಿಯಲ್ಲಿ ಸುತ್ತಿ ತನ್ನ ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದ. "ಬಾಯಿ ಮುಚ್ಚು, ಕಣ್ಣೂ ಮುಚ್ಚು. ಈಗ ಮುಟ್ಟು. ನಿನ್ ಕಾಲಿಗೇ ಹಿಡಿ. ಗುಂಡು ಎತ್ಲಾಗೆ ನೋಡ್ತೈತೆ?" ತಪ್ಪು ಹೇಳಿದರೆ, ದೂರ ಹೋದ ಕುರಿಗಳನ್ನು ನಾನೇ ಹೋಗಿ ತಿರುಗಿಸಿಕೊಂಡು ಬರಬೇಕು. ಮೊದಲ ವಾರ ನಾನು ಓಡಿದಷ್ಟು ನಮ್ಮ ನಾಯಿಯೂ ಓಡಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಕೂತಲ್ಲೇ ಕೂರುವುದನ್ನು ಕಲಿತೆ. ಪುಸ್ತಕ ಬಿಚ್ಚಿದರೆ, ಹಿಂದೆ ಬರೀ ರಾಗವಾಗಿದ್ದ ಸಾಲುಗಳು ಈಗ ಬೆರಳಿಗೆ ಸಿಗುತ್ತಿದ್ದವು.

ಎರಡನೇ ಸಲದ ಪರೀಕ್ಷಕರು ಬೇರೆ, ಮೂಳೆ ಅದೇ. ಕಣ್ಣು ಮುಚ್ಚಿ ನನ್ನ ತೊಡೆಗೆ ಹಿಡಿದುಕೊಂಡೆ.

"ಏನ್ರೀ, ನಿದ್ದೆ ಬಂತಾ?"

"ಬಲಗಡೆಯದು ಸಾರ್."

"ಕಣ್ಣು ಮುಚ್ಚಿಕೊಂಡು ಹೇಳೋದನ್ನ ಯಾರು ಕಲಿಸಿದ್ರು?"

"ನಮ್ಮ ದೊಡ್ಡಪ್ಪ ಸಾರ್." ಅವರು ಯಾವ ಕಾಲೇಜಿನಲ್ಲಿದ್ದಾರೆ ಎಂದು ಕೇಳಿದರು. ಕೊಡಿಗೇನಹಳ್ಳಿ ಕಡೆ ಎಂದೆ.

ಪಾಸಾದ ಸುದ್ದಿ ಹೇಳಲು ಸೀದಾ ರೊಪ್ಪಕ್ಕೆ ಹೋದೆ. ದೊಡ್ಡಪ್ಪ ಮರಿಯೊಂದರ ಕಾಲಿನಿಂದ ಮುಳ್ಳು ಕೀಳುತ್ತಿದ್ದ. ತಲೆ ಎತ್ತದೆಯೇ, "ಹೋದ್ಸಲ ಬಲಗಾಲ್ದು ಕೇಳಿ ಕೆಡಿಸಿದ್ರು, ಅಲ್ವೇನ್ಲಾ?" ಎಂದ.

"ಗೊತ್ತಿತ್ತಾ ನಿಂಗೆ?"

"ಪರೀಕ್ಷೆ ಮುಂದಕ್ಕೋದ್ರೆ ಹುಡುಗ್ರು ನಗ್ತಾ ಬತ್ತಾರೆ. ನೀನು ಕುರಿ ಕಳ್ಕಂಡೋನಂಗೆ ಬಂದೆ."

"ಅಪ್ಪಂಗೆ ಯಾಕೆ ಹೇಳ್ಲಿಲ್ಲ?"

"ಅವ್ನು ಕೇಳ್ನಿಲ್ಲ, ನಾನು ಹೇಳ್ನಿಲ್ಲ" ಎಂದು ಮುಳ್ಳನ್ನು ಆಚೆ ಬಿಸಾಕಿದ.

ಆರು ತಿಂಗಳು ನನ್ನ ಸುಳ್ಳನ್ನು ತನ್ನ ಹೊಟ್ಟೆಯಲ್ಲಿಟ್ಟುಕೊಂಡು, ಒಂದು ದಿನವೂ ಅದನ್ನು ಎತ್ತಿ ಆಡದೆ, ನನಗಾಗಿ ಒಂದು ಕಾಲು ಕೆತ್ತಿಕೊಟ್ಟ ಮನುಷ್ಯ ಅವನು. ಅವನ ಹೆಸರನ್ನು ನಾನು ಊರೆಲ್ಲ ಹೇಳಬೇಕಿತ್ತು. ಅದನ್ನು ಹೇಳಿದರೆ ಫೇಲಾದದ್ದನ್ನೂ ಹೇಳಬೇಕಾಗುತ್ತದಲ್ಲ ಎಂದು, ಮರದ ತುಂಡನ್ನು ಗಾಜಿನೊಳಗಿಟ್ಟು ಸುಮ್ಮನಾಗಿದ್ದೆ.

ಇಷ್ಟನ್ನೂ ಮೊಮ್ಮಗಳಿಗೆ ಹೇಳಿ ಮುಗಿಸಿದಾಗ ಕಾಫಿಯ ಹೊತ್ತಾಗಿತ್ತು. ಎರಡು ಎಡಗಾಲಿನವನ ಕಥೆಗೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದವಳು ಆಮೇಲೆ ಯಾಕೋ ಮೆತ್ತಗಾಗಿದ್ದಳು.

"ಹೌದು ಅಂತ ಹಾಕು. ಅನಾಟಮಿ ಅಂತಾನೂ ಬರಿ" ಎಂದೆ.

ಬರೆದಳು. ಆಮೇಲೆ ಚೀಲದಿಂದ ತನ್ನ ಹಾಳೆ ತೆಗೆದು, ಅದೇ ಪ್ರಶ್ನೆಯ ಮುಂದೆ ಆಗಲೇ ಬರೆದಿದ್ದ "ಇಲ್ಲ" ಎಂಬುದನ್ನು ನಿಧಾನವಾಗಿ ಹೊಡೆದುಹಾಕಿದಳು. ನಾನು ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿದೆ. ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ಕಪಾಟಿನ ಬಾಗಿಲು ಸರಿದ ಸದ್ದಾಯಿತು.

"ತಾತ, ಇದನ್ನ ಸ್ವಲ್ಪ ದಿನ ಹಾಸ್ಟೆಲಿಗೆ ತಗೊಂಡು ಹೋಗ್ಲಾ?"

"ತಗೊಂಡು ಹೋಗು" ಎಂದೆ. "ಕಣ್ಣು ಮುಚ್ಕೊಂಡು ಹಿಡಿ."