ಟ್ಯಾಂಕರ್ ಬಂದ ದಿನ ನಿಂತ ನೃತ್ಯ

೨೦೦೫ರ ಬೇಸಿಗೆ. ಚೆನ್ನೈನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ನಾನು ಸರ್ವಿಸ್ ಇಂಜಿನಿಯರ್ ಆಗಿದ್ದೆ. ಆಫೀಸುಗಳಲ್ಲಿ ಕೇಬಲ್ ಎಳೆದು ಪಳಗಿದ್ದ ನನಗೆ ಮನೆಯೊಂದಕ್ಕೆ ವೈರ್‌ಲೆಸ್ ನೆಟ್‌ವರ್ಕ್ ಹಾಕುವ ಕೆಲಸ ಬಂದದ್ದು ಅದೇ ಮೊದಲು. ಎಗ್ಮೋರ್ ಸ್ಟೇಷನ್ ಹತ್ತಿರ ಹೋಟೆಲ್ ನಡೆಸುತ್ತಿದ್ದ, ಉಡುಪಿ ಕಡೆಯ ಶ್ರೀಧರ ರಾಯರ ಮನೆ ಅದು.

ರಾಯರ ತಾಯಿ ಸರಸ್ವತಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಮೊಮ್ಮಗಳು ವಿದ್ಯಾಳ ಭರತನಾಟ್ಯದ ರಂಗಪ್ರವೇಶದ ದಿನ ಅವರು ಆಸ್ಪತ್ರೆಯಲ್ಲಿದ್ದರು. ಆರು ವರ್ಷ ಹುಡುಗಿಯ ಕೈಹಿಡಿದು ಬಸ್ಸಿನಲ್ಲಿ ಕ್ಲಾಸಿಗೆ ಕರೆದೊಯ್ದವರು ಅವರೇ. ಕಾರ್ಯಕ್ರಮದ ವಿಡಿಯೊ ಮುಂದಿನ ಕೋಣೆಯ ಕಂಪ್ಯೂಟರಿನಲ್ಲಿತ್ತು, ಅಜ್ಜಿಯ ಮಂಚ ಹಿಂದಿನ ಕೋಣೆಯಲ್ಲಿ. ಅಜ್ಜಿ ನೋಡುವ ತನಕ ಬೇರೆ ಯಾರೂ ನೋಡಕೂಡದು ಎಂದು ವಿದ್ಯಾ ಹಟ ಹಿಡಿದಿದ್ದಳು. ಸಿ.ಡಿ. ಮಾಡಿ ಹಾಕಿದರಾಗದೇ ಎಂದು ನಾನು ಕೇಳಿಯೂ ನೋಡಿದೆ. ಆದರೆ ವೈರೇ ಇಲ್ಲದೆ ಟಿ.ವಿ.ಗೆ ಚಿತ್ರ ಬರುತ್ತದೆಂದು ರಾಯರು ಹೋಟೆಲಿನಲ್ಲೆಲ್ಲ ಡಂಗುರ ಹೊಡೆದಾಗಿತ್ತು.

ಬುಧವಾರ ಬೆಳಿಗ್ಗೆ ಹೋದೆ. ಮಾಹಿತಿಯನ್ನು ರೇಡಿಯೊ ಅಲೆಗಳಾಗಿ ಕಳಿಸುವ ರೂಟರನ್ನು ಕಂಪ್ಯೂಟರ್ ಮೇಜಿನ ಕೆಳಗಿಟ್ಟೆ. ಅದನ್ನು ಹಿಡಿದು ಟಿ.ವಿ.ಗೆ ಕೊಡುವ ಮೀಡಿಯಾ ಪ್ಲೇಯರ್ ಅಜ್ಜಿಯ ಕೋಣೆಯಲ್ಲಿ, ಟಿ.ವಿ. ಸ್ಟ್ಯಾಂಡಿನ ಕೆಳಗೆ. ನಡುವೆ ಮೂವತ್ತಡಿ ಪಡಸಾಲೆ. ಪರೀಕ್ಷೆಗೆ ಹಾಕಿದ ಚಿತ್ರ ಸರಾಗವಾಗಿ ಓಡಿತು. ಬೀಗುತ್ತ ಮನೆಗೆ ಹೋದೆ.

ಸಂಜೆ ಎಲ್ಲರೂ ಅಜ್ಜಿಯ ಸುತ್ತ ಕೂತು ಹಾಕಿದರೆ, ಟಿ.ವಿ.ಯಲ್ಲಿ ವಿದ್ಯಾ ಒಂದು ಕಾಲೆತ್ತಿದಲ್ಲೇ ನಿಂತುಬಿಟ್ಟಳಂತೆ. ಶುಕ್ರವಾರ ಹೋಗಿ ನೋಡಿದರೆ ಎಲ್ಲ ಸರಿ. ರಾಯರಿಗೇ ಬಟನ್ ಒತ್ತಲು ಬಂದಿಲ್ಲವೆಂದು ಮನಸ್ಸಿನಲ್ಲೇ ಬೈದುಕೊಂಡೆ. ರಾಯರಿಗೆ ಹೋಟೆಲಿನಿಂದ ಬಿಡುವಾಗಿ ಎಲ್ಲರೂ ಮತ್ತೆ ಕೂತದ್ದು ಶನಿವಾರ ಸಂಜೆ. ಮತ್ತೆ ಕಾಲು ಮೇಲೆ! ಭಾನುವಾರ ಹೊಸ ರೂಟರ್ ಹೊತ್ತು ಹೋದೆ. ಅದೂ ನಡೆಯಲಿಲ್ಲ. ವಿದ್ಯಾ ಮುಖ ಊದಿಸಿಕೊಂಡು ಅಜ್ಜಿಯ ಕಾಲಬಳಿ ಕೂತಿದ್ದಳು. ನನಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆ.

ಆಗ ಸರಸ್ವತಮ್ಮ ಮಲಗಿದಲ್ಲಿಂದಲೇ ಮೆಲ್ಲಗೆ ಹೇಳಿದರು.

“ನಿನ್ನ ಪೆಟ್ಟಿಗೆ ಸರಿ ಉಂಟು ಮಾರಾಯ. ಟ್ಯಾಂಕರ್ ಬಂದ ಮೇಲೆ ಇದು ನಿಲ್ತದೆ, ನೀರು ಮುಗೀತಾ ಬಂದ ಹಾಗೆ ನಡೀತದೆ. ನಿನ್ನೆ ಮಧ್ಯಾಹ್ನವೂ ಬಂದಿತ್ತು.”

ನಾನು ಪಡಸಾಲೆಗೆ ಓಡಿದೆ. ಆ ಬೇಸಿಗೆ ಚೆನ್ನೈನಲ್ಲಿ ನೀರಿಗೆ ಹಾಹಾಕಾರ. ಇವರ ಬೀದಿಗೆ ಮೂರು ದಿನಕ್ಕೊಮ್ಮೆ ಟ್ಯಾಂಕರ್. ಗೋಡೆಯುದ್ದಕ್ಕೂ ನಾಲ್ಕು ನೀಲಿ ಡ್ರಮ್, ಅವುಗಳ ಮೇಲೆ ಹಲಗೆ, ಹಲಗೆಯ ಮೇಲೆ ಸಾಲು ಪ್ಲಾಸ್ಟಿಕ್ ಕೊಡ, ಎಲ್ಲ ತುಂಬಿ ತುಳುಕುತ್ತಿದ್ದವು. ನೀರು ಈ ಅಲೆಗಳನ್ನು ಹೀರಿಕೊಳ್ಳುತ್ತದೆ ಎಂದು ನಾನು ಪರೀಕ್ಷೆಯಲ್ಲಿ ಬರೆದು ಅಂಕ ಗಿಟ್ಟಿಸಿದ್ದೆ. ಬುಧವಾರ ನಾನು ಬಂದಾಗ ಡ್ರಮ್ಮುಗಳು ಬರಿದಾಗಿದ್ದವು, ಟ್ಯಾಂಕರ್ ಬಂದದ್ದು ನಾನು ಹೋದ ಮೇಲೆ. ಪಕ್ಕದಲ್ಲೇ ನಾಲ್ಕು ಸಲ ಓಡಾಡಿದ್ದೆ, ಒಮ್ಮೆಯೂ ತಲೆಗೆ ಹೊಳೆದಿರಲಿಲ್ಲ.

ರೂಟರನ್ನು ಸೂರಿನಡಿಯ ಅಟ್ಟಕ್ಕೇರಿಸಿದೆ, ಮೀಡಿಯಾ ಪ್ಲೇಯರನ್ನು ಬೀರುವಿನ ನೆತ್ತಿಗೆ. ಅಲೆಗಳಿಗೆ ನೀರಿನ ಮೇಲಿಂದ ದಾರಿಯಾಯಿತು. ವಿದ್ಯಾ ಎತ್ತಿದ ಕಾಲು ಕೆಳಗಿಳಿಯಿತು, ಗೆಜ್ಜೆ ಮಾತಾಡಿತು, ರಾಯರು ಮಗುವಿನಂತೆ ಚಪ್ಪಾಳೆ ತಟ್ಟಿದರು. ಅಜ್ಜಿಯ ಬೆರಳುಗಳು ಹೊದಿಕೆಯ ಮೇಲೆ ತಾಳ ಹಾಕುತ್ತಲೇ ಇದ್ದವು. ಒಂದೂವರೆ ಗಂಟೆ ಯಾರೂ ಏಳಲಿಲ್ಲ, ನಾನೂ.

ಮುಗಿದ ಮೇಲೆ ವಿದ್ಯಾ ಅಳುಕುತ್ತ, “ಅಜ್ಜಿ, ಎಪ್ಪಡಿ ಇರುಂದದು?” ಎಂದು ಕೇಳಿದಳು. ಹೇಗಿತ್ತು ಎಂಬುದು ಅವಳಿಗೆ ತಮಿಳಿನಲ್ಲೇ ಬರುತ್ತಿತ್ತು.

“ವರ್ಣದಲ್ಲಿ ಒಂದು ಕಡೆ ತಾಳ ತಪ್ಪಿದ್ದಿ,” ಎಂದರು ಸರಸ್ವತಮ್ಮ, ಕಣ್ಣೊರೆಸಿಕೊಳ್ಳುತ್ತ. “ಇನ್ನೊಮ್ಮೆ ಹಾಕು.”

ಆಮೇಲೆ ಎಷ್ಟೋ ಮನೆಗಳಿಗೆ ನೆಟ್‌ವರ್ಕ್ ಹಾಕಿದೆ. ಆ ಭಾನುವಾರದಿಂದ ನನ್ನದೊಂದು ಪದ್ಧತಿ. ಸ್ಕ್ರೂಡ್ರೈವರ್ ತೆಗೆಯುವ ಮೊದಲು ಆ ಮನೆಯ ಹಿರಿಯ ಹೆಂಗಸಿನ ಬಳಿ ಹೋಗಿ ಕೇಳುತ್ತೇನೆ: ನಿಮ್ಮಲ್ಲಿ ನೀರು ಯಾವತ್ತು ಬರುತ್ತದಮ್ಮಾ?