ಅವ್ವ ತವರಿಗೆ ಹೊರಟದ್ದು

ನಮ್ಮಪ್ಪ ಕೊಪ್ಪಳದಲ್ಲಿ ಮಾಸ್ತರನಾಗಿದ್ದು ನಿವೃತ್ತನಾದವನು. ಪೇಟೆಯಲ್ಲಿ ನಡೆದರೆ ಹಣ್ಣು ಮಾರುವವರೂ ಎದ್ದು ನಮಸ್ಕಾರ ಹೇಳುತ್ತಾರೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಮಾತನ್ನು ಅವನನ್ನು ನೋಡಿಯೇ ಕಟ್ಟಿರಬೇಕು. ಅವ್ವನನ್ನು ಅವನು ಎಂದೂ ಹೊಡೆಯಲಿಲ್ಲ. ನಾಲಿಗೆಯೇ ಸಾಕಾಗಿತ್ತು. ಸಾರಿಗೆ ಉಪ್ಪು ಹೆಚ್ಚಾದರೆ ಎಮ್ಮಿ, ಕಡಿಮೆಯಾದರೆ ಎಮ್ಮಿ. ಬಂದವರೆದುರು ಅವಳು ಒಂದು ಮಾತಾಡಿದರೆ, "ಎಮ್ಮಿಗೇನ ತಿಳೀತೈತ್ರಿ" ಎಂದು ನಗುತ್ತಿದ್ದ. ಬಂದವರೂ ನಗುತ್ತಿದ್ದರು. ಅವ್ವನೂ ನಗುತ್ತಿದ್ದಳು, ಅದನ್ನು ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ಅವ್ವನಿಗೆ ಎದೆಯ ಕ್ಯಾನ್ಸರ್ ಆಗಿ, ಆಪರೇಷನ್ ಮಾಡಿಸಿ, ಕೀಮೋ ಮುಗಿದು, ಕೊನೆಗೆ ಅದು ಎಲುಬಿಗೆ ಇಳಿದಿದೆ ಎಂದು ತಿಳಿದಾಗ ಅಪ್ಪನಿಗೆ ಹೊಸ ಪಾತ್ರ ಸಿಕ್ಕಿತು. ನಮ್ಮ ಕಡೆ ಜಡ್ಡಾದವರನ್ನು ಮಾತಾಡಿಸಲು ಬರುವ ಪದ್ಧತಿಯಿದೆ. ಬ್ರೆಡ್ಡು, ಬಾಳೆಹಣ್ಣು ಹಿಡಿದು ಬಂದು, ಅದೇ ರೋಗದಿಂದ ಸತ್ತ ತಮ್ಮ ಬಳಗದವರ ಕಥೆ ಹೇಳಿ, ಚಹಾ ಕುಡಿದು ಹೋಗುತ್ತಾರೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾದರೆ ಸಾಕು, ಅಪ್ಪ ಗಂಜಿಯ ಲೋಟ ಹಿಡಿದು ಮಂಚದ ಮೇಲೆ ಕೂತು ಅವ್ವನಿಗೆ ಚಮಚದಿಂದ ಕುಡಿಸಲು ಶುರುಮಾಡುತ್ತಿದ್ದ. "ಇಂಥಾ ಗಂಡ ಯಾರಿಗೆ ಸಿಗ್ತಾನವಾ!" ಎಂದು ಹೆಂಗಸರು ಅವ್ವನಿಗೇ ಹೇಳುತ್ತಿದ್ದರು. ಅವರು ಓಣಿ ದಾಟುವಷ್ಟರಲ್ಲಿ ಲೋಟ ಕಿಟಕಿಗೆ ಹೋಗಿರುತ್ತಿತ್ತು, ಅರ್ಧ ಗಂಜಿ ಅದರಲ್ಲೇ ಕೆನೆಗಟ್ಟುತ್ತಿತ್ತು. ಗಂಗಾವತಿಯ ನನ್ನ ಗಂಡನ ಮನೆಯಿಂದ ಬಂದಾಗಲೆಲ್ಲ ನಾನು ಮೊದಲು ಮಾಡುತ್ತಿದ್ದ ಕೆಲಸ ಆ ಲೋಟ ತೊಳೆಯುವುದು.

ಇನ್ನು ನೋವಿನ ಮಾತ್ರೆಯಷ್ಟೇ ಎಂದ ಡಾಕ್ಟರು ನಮ್ಮನ್ನು ಆಪ್ತಸಮಾಲೋಚನೆಯ ಕೋಣೆಗೆ ಕಳಿಸಿದರು. ಅಲ್ಲಿದ್ದವಳು ನನಗಿಂತ ಚಿಕ್ಕ ಹುಡುಗಿ, ನಮ್ಮ ಕಡೆಯವಳೇ. ಸಾಯುವವಳಿಗೆ ಇನ್ನೆಂಥ ಉಪದೇಶ ಎಂದು ನಾನು ಸಿಟ್ಟಿನಲ್ಲೇ ಒಳಗೆ ಹೋದೆ. ಆದರೆ ಆಕೆ ಧೈರ್ಯ ತಗೊಳ್ಳಿ ಎನ್ನಲಿಲ್ಲ, ದೇವರಿದ್ದಾನೆ ಎನ್ನಲಿಲ್ಲ.

"ನೋವು ಬರಬಾರದು, ಅಂಜಿಕಿ ಬರಬಾರದು ಅಂತ ದಿನಾ ಜಗಳ ಮಾಡ್ತೀರಲ್ರಿ ಅವ್ವಾರ, ನಿಮ್ಮ ಶಕ್ತಿ ಎಲ್ಲಾ ಆ ಜಗಳದಾಗ ಹೋಗ್ತೈತಿ. ಬಂದದ್ದು ಬಂದೈತಿ ಅಂತ ಒಪ್ಪಿಕೊಂಡು ನೋಡ್ರಿ. ಅದು ಸೋತಂಗ ಅಲ್ರಿ. ಉಳಿದ ಶಕ್ತಿಲೆ ನಿಮಗ ಬೇಕಾದ್ದು ಮಾಡಾಕ ಬರ್ತೈತಿ" ಎಂದಳು.

ಅಪ್ಪನಿಗೆ ಇದು ತುಂಬ ಹಿಡಿಸಿತು. "ಒಪ್ಪಿಕೊಂಡು ಹೋಗಬೇಕು ಅಂತ ನಾ ಮೊದಲಿಂದ ಇದನ್ನ ಹೇಳಾಕತ್ತೇನ್ರಿ" ಎಂದು ಕುರ್ಚಿ ಮುಂದೆ ಎಳೆದುಕೊಂಡ. ಒಪ್ಪಿಕೊಳ್ಳುವುದೆಂದರೆ ಹೆಂಗಸು ಬಾಯಿ ಮುಚ್ಚಿಕೊಂಡಿರುವುದು ಎಂದೇ ಅವನ ತಿಳುವಳಿಕೆ.

ಆ ಹುಡುಗಿ ಹೇಳಿಕೊಟ್ಟದ್ದನ್ನು ಅವ್ವ ಹೇಳಿಕೊಟ್ಟಂತೆಯೇ ಮಾಡಿದಳು. ಸೊಂಟದಲ್ಲಿ ನೋವು ಎದ್ದಾಗ ಕಣ್ಣು ಮುಚ್ಚಿ, ಉಸಿರನ್ನು ನಿಧಾನ ಬಿಟ್ಟು, "ಬಂತು ನೋಡು" ಎನ್ನುತ್ತಿದ್ದಳು. ನೋವು ಕಡಿಮೆಯಾಯಿತು ಎಂದು ನಾನು ಸುಳ್ಳು ಹೇಳಲಾರೆ. ಆದರೆ ನಾನೇನು ಪಾಪ ಮಾಡಿದ್ದೆ ಎಂದು ಗೋಡೆಗೆ ಹಣೆ ಹಚ್ಚಿ ಅಳುವುದನ್ನು ಬಿಟ್ಟಳು.

ಮುಂದೊಂದು ಸಲ ಹೋದಾಗ ಆ ಹುಡುಗಿ ಕೇಳಿದಳು: "ಇನ್ನಿರೋ ದಿನದಾಗ ನಿಮಗ ಎಲ್ಲಕ್ಕಿಂತ ಮುಖ್ಯ ಯಾವುದ್ರಿ, ಅವ್ವಾರ?"

"ಮೊಮ್ಮಕ್ಕಳು" ಎಂದು ಅಪ್ಪ ಉತ್ತರ ಕೊಟ್ಟ.

"ಅವರ ಹೇಳ್ಲಿ ತಡೀರಿ, ಮಾಸ್ತರ್ರ."

ಅವ್ವ ಬೋಳು ತಲೆಯ ಮೇಲೆ ಸೆರಗು ಎಳೆದುಕೊಂಡಳು. ಅಪ್ಪನ ಕಡೆ ನೋಡದೆ ಹೇಳಿದಳು: "ಇವರ ದನಿ ಕೇಳಿಸದ ಜಾಗದಾಗ ಇದ್ದು ಸಾಯಬೇಕ್ರಿ. ಅಷ್ಟ."

ಅಪ್ಪ ನಕ್ಕ. "ಔಷಧ ತಲಿಗೇರೈತ್ರಿ ಎಮ್ಮಿಗೆ" ಎಂದ. ಯಾರೂ ನಗಲಿಲ್ಲ.

ಮರುದಿನವೇ ಅವ್ವ ಸೀರೆ, ಮಾತ್ರೆಗಳನ್ನು ಚೀಲಕ್ಕೆ ತುಂಬಿದಳು. ನಾನು ಬಾಡಿಗೆ ಕಾರು ತರಿಸಿದೆ. ಅವಳ ತವರು ಮಂಗಳೂರು. ಕಡಲ ದಂಡೆಯದಲ್ಲ, ಯಲಬುರ್ಗಾ ಕಡೆಯ ನಮ್ಮ ಮಂಗಳೂರು. ಅಲ್ಲಿ ಅವಳ ಅಣ್ಣ, ನನ್ನ ಸೋದರಮಾವ, ಪಡಸಾಲೆಯಲ್ಲಿ ಮಂಚ ಹಾಕಿಸಿಕೊಟ್ಟ. ಇತ್ತ ಬಳಗದವರು ನನಗೆ ಫೋನ್ ಮಾಡಿ, ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ, ಕರಕೊಂಡು ಬಾ ಎಂದು ಬುದ್ಧಿ ಹೇಳಿದರು. ನಮ್ಮ ಮನೆಯಲ್ಲಿ ಜಗಳ ಶುರುವಾಗುತ್ತಿದ್ದದ್ದೇ ಉಣ್ಣುವಾಗ ಎಂದು ಹೇಳಿ ನಾನು ಫೋನಿಟ್ಟೆ.

ತವರಿನಲ್ಲಿ ಅವ್ವನಿಗೆ ಹೆಸರಿತ್ತು. ಅಣ್ಣ, ಅತ್ತಿಗೆ, ಓಣಿಯ ಮುದುಕಿಯರು ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಅತ್ತಿಗೆಯ ಜೊತೆ ಮೆಂತೆಪಲ್ಯ ಸೋಸುತ್ತ, ನೋವು ಬಂದಾಗ ಕೈ ನಿಲ್ಲಿಸಿ ಉಸಿರು ಬಿಟ್ಟು, ಮತ್ತೆ ಸೋಸುತ್ತ ಕೂರುತ್ತಿದ್ದಳು. ಬಾಯಿಹುಣ್ಣಿದ್ದರೂ ರೊಟ್ಟಿಗೆ ಕೆಂಪಿಂಡಿ ಚಟ್ನಿ ಕೇಳಿ ಹಾಕಿಸಿಕೊಂಡು, ಖಾರಕ್ಕೆ ಕಣ್ಣೀರು ಸುರಿಸುತ್ತ ತಿಂದಳು. ಅವಳು ಇಷ್ಟು ಮಾತಿನವಳೆಂದು ನನಗೆ ಗೊತ್ತೇ ಇರಲಿಲ್ಲ.

ಒಂದು ಮಧ್ಯಾಹ್ನ ನನ್ನೆದುರೇ ಮಾವನನ್ನು ಹತ್ತಿರ ಕರೆದಳು. "ಅಣ್ಣಾ, ಸತ್ತ ಮ್ಯಾಲೂ ನನ್ನ ಕೊಪ್ಪಳಕ್ಕ ಒಯ್ಯಾಕ ಕೊಡಬ್ಯಾಡ. ನಮ್ಮಪ್ಪನ ಹೊಲದಾಗ ಬೇವಿನ ಗಿಡದ ಬುಡಕ ಇಡು."

ಮಾವ ಅವಳ ಕೈ ಮೇಲೆ ಕೈಯಿಟ್ಟು ಕಣ್ಣು ಒರೆಸಿಕೊಂಡ. "ಆತವಾ. ಹಂಗ ಮಾಡೂಣು" ಎಂದ.

ಅಪ್ಪ ಒಮ್ಮೆ ಬಂದ. ಪರರಂತೆ ಬ್ರೆಡ್ಡು, ಬಾಳೆಹಣ್ಣು ತಂದಿದ್ದ. "ಬರ್ರಿ. ಬಸ್ಸು ಲಗೂನ ಸಿಕ್ತೇನ್ರಿ?" ಎಂದು ಅವ್ವ ಕೇಳಿದಳು.

"ಮನಿಗೆ ನಡಿ. ಮಂದಿ ಏನೇನೋ ಅನ್ನಾಕತ್ಯಾರ."

"ಅನ್ಲಿ ಬಿಡ್ರಿ."

ಅಷ್ಟರಲ್ಲಿ ಓಣಿಯ ಹೆಂಗಸರು ಬಾಗಿಲಿಗೆ ಬಂದರು. ಅವನ ಕೈ ಮಂಚದ ಬದಿಗಿದ್ದ ಗಂಜಿಯ ಲೋಟಕ್ಕೆ ಹೋಯಿತು. ಅವ್ವ ಅದನ್ನು ಕಸಿದುಕೊಂಡು, ತಾನೇ ಪೂರ್ತಿ ಕುಡಿದು, ಖಾಲಿ ಲೋಟವನ್ನು ಅವನ ಕೈಗೆ ಕೊಟ್ಟಳು.

"ತೊಳದಿಟ್ಟು ಹೋಗ್ರಿ" ಎಂದಳು.

ಅವನ ಮುಖ ಇಷ್ಟಾಯಿತು. ಲೋಟ ಹಿಡಿದು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತ. ನನಗೆ ಪಾಪ ಎನಿಸಲಿಲ್ಲ, ಹಾಲು ಕುಡಿದಷ್ಟು ಸಂತೋಷವಾಯಿತು.

ಜೋಳ ತೆನೆ ಕಟ್ಟುವ ಹೊತ್ತಿಗೆ ಅವ್ವ ಹೋದಳು. ಅತ್ತಿಗೆಯ ತೊಡೆಯ ಮೇಲೆ ತಲೆಯಿತ್ತು. ಆ ಸಂಜೆಯೊಳಗೆ ಅಪ್ಪನ ಕಡೆಯವರು ಟೆಂಪೋ ತಂದರು. ಅವರಿಗೆ ಫೋನ್ ಮಾಡಿ ಕರೆಸಿದವನು ಮಾವನೇ.

"ಮಾತು ಕೊಟ್ಟಿದ್ರಲ್ಲ ಮಾಮಾ?" ಎಂದೆ.

"ಸಾಯೋರಿಗೆ ಇಲ್ಲ ಅನ್ನಾಕ ಬರ್ತೈತೇನವಾ? ಕೊಟ್ಟ ಹೆಣ್ಣಿನ ಮಣ್ಣು ತವರ ಹೊಲದಾಗ ಮಾಡಬಾರದು, ಮನಿತನಕ್ಕ ಛಲೋ ಅಲ್ಲ. ನನಗೂ ಮಕ್ಕಳು ಮರಿ ಅದಾವು" ಎಂದ. ಅವನು ಕೆಟ್ಟವನಲ್ಲ. ಅದೇ ನನಗೆ ತಡೆಯಲಾಗದ್ದು. ನಾನು ಟೆಂಪೋ ಮುಂದೆ ನಿಂತು ಚೀರಿದೆ. ತಾಯಿ ಸತ್ತ ಸಂಕಟಕ್ಕೆ ತಲೆ ಕೆಟ್ಟಿದೆ ಎಂದು ಹೆಂಗಸರು ನನ್ನನ್ನು ತಬ್ಬಿಕೊಂಡು ಬದಿಗೆ ಎಳೆದರು.

ಕೊಪ್ಪಳದ ಮನೆಯಲ್ಲಿ ಅವ್ವನಿಗೆ ಅರಿಸಿನ ಹಚ್ಚಿ, ಹಸಿರು ಬಳೆ ತೊಡಿಸಿದರು. "ಮುತ್ತೈದಿ ಸಾವು, ಪುಣ್ಯವಂತಿ" ಎಂದರು. ಕಿನ್ನಾಳ ರಸ್ತೆಯ ನಮ್ಮ ಹೊಲದಲ್ಲಿ ಆಗಲೇ ಗುದ್ದಲಿ ಬಿದ್ದಿತ್ತು. ಅಪ್ಪ ಬದುವಿನ ಮೇಲೆ ನಿಂತು ತೋಡುವವರನ್ನು ತಡೆದ.

"ನಟ್ಟನಡುವ ಬ್ಯಾಡ್ರಪ್ಪಾ. ತುಸು ಆ ಕಡೆ ಸರಿಸ್ರಿ. ನಾಳೆ ನಾನೂ ಅಕಿ ಮಗ್ಗಲಾಗ ಮಲಗಾಂವ."

ಬಂದವರೆಲ್ಲ ಕಣ್ಣಿಗೆ ಸೆರಗು, ಟವೆಲು ಹಚ್ಚಿದರು. ಎಂಥಾ ಪ್ರೀತಿ ನೋಡ್ರಿ ಎಂದು ಯಾರೋ ಅಂದರು. ಸೋದರಮಾವ ಚಪ್ಪಲಿ ಬಿಟ್ಟು ಕೆಳಗಿಳಿದು, ಅಪ್ಪ ಮಲಗಲು ಬೇಕಾಗುವಷ್ಟು ನೆಲವನ್ನು ಹೆಜ್ಜೆಯಿಂದ ಅಳೆದು ಬಿಟ್ಟು, ಅವ್ವನ ಕುಣಿಗೆ ಹೊಸ ಗೆರೆ ಹೊಡೆದುಕೊಟ್ಟ.